ಮೊದಲು ಮನೆಗೆ ಬಾ, ಮಾತು ನಾಳೆ

(ಸಾಣಾಪುರದ ಕಲಿಕಾ ಕೇಂದ್ರದಲ್ಲಿ ಆಡಿದ ಮಾತುಗಳು)

ಅಕ್ಕಂದಿರೇ, ತಂಗಿಯರೇ, ಹಿರಿಯ ಅವ್ವಂದಿರೇ,

ಗದ್ದೆ ಕೆಲಸ ಮುಗಿಸಿ, ರೊಟ್ಟಿ ಬಡಿದು, ಮಕ್ಕಳಿಗೆ ಉಣ್ಣಲು ಕೊಟ್ಟು ಬಂದಿದ್ದೀರಿ. ದಣಿದಿದ್ದರೂ ಪುಸ್ತಕ ಹಿಡಿದು ಕೂತಿದ್ದೀರಿ. ನೋಡಿದರೆ ಸಂತೋಷ ಆಗುತ್ತದೆ.

ಇವತ್ತು ನಾವು ಎರಡು ವಿಷಯ ಮಾತಾಡೋಣ. ಒಂದು ಪಾರ್ಟಿ. ಇನ್ನೊಂದು ಮೊಬೈಲ್ ಫೋನು.

"ಪಾರ್ಟಿ ನಮಗ್ಯಾಕ್ರಿ? ಅದು ಕಾಲೇಜು ಹುಡುಗರ ಮಾತು" ಎಂದು ಕೆಲವರು ನಗುತ್ತಿದ್ದೀರಿ. ನಗ್ರಿ. ಆದರೆ ಸ್ವಲ್ಪ ಎಣಿಸಿ ನೋಡ್ರಿ. ಮೊಮ್ಮಗನ ಹುಟ್ಟುಹಬ್ಬಕ್ಕೆ ಕೇಕ್ ಬಂತು. ಮದುವೆ ಮೆರವಣಿಗೆಗೆ ಡಿಜೆ ಬಂತು. ಹೊಸ ವರ್ಷದ ರಾತ್ರಿ ಹುಡುಗರು ಬೈಕ್ ಹತ್ತಿ ಹೊರಟರು. ಪಾರ್ಟಿ ನಮ್ಮ ಓಣಿಗೆ ಬಂದು ಬಹಳ ದಿನ ಆಯಿತು.

ಇನ್ನೂ ಒಂದು ಮಾತು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಂತೆ ವಿರುಪಾಪುರ ಗಡ್ಡೆಯ ರೆಸಾರ್ಟುಗಳನ್ನು ಕೆಡವಿದರು. ಆಮೇಲೆ ಪ್ರವಾಸಿಗರು ನಮ್ಮ ಸಾಣಾಪುರ, ಆನೆಗೊಂದಿ ಕಡೆಗೆ ಹೆಚ್ಚು ಬರತೊಡಗಿದರು. ನಮ್ಮ ಹೆಣ್ಣುಮಕ್ಕಳು ಅಲ್ಲಿ ಅಡುಗೆಗೆ, ಕಸ ಮುಸುರೆಗೆ ಹೋಗುತ್ತಾರೆ. ಪಾರ್ಟಿ ಅವರದು, ಮುಸುರೆ ನಮ್ಮದು. ಹೀಗಿದ್ದ ಮೇಲೆ ಇದು ನಮ್ಮ ಮಾತೂ ಹೌದಲ್ಲ?

ಹುಡುಗಿ ಹೇಳಿದ ಮಾತು

ಈ ವಿಷಯ ನಮಗೆ ಹೊಳೆದದ್ದು ಒಬ್ಬ ಕಾಲೇಜು ಹುಡುಗಿಯಿಂದ. ಆಕೆ ದಿನಾ ಬಸ್ಸಿನಲ್ಲಿ ಗಂಗಾವತಿಗೆ ಹೋಗಿ ಡಿಗ್ರಿ ಓದುತ್ತಾಳೆ. ರಜೆ ಇದ್ದಾಗ ನಮ್ಮ ಕೇಂದ್ರಕ್ಕೆ ಬಂದು ನಿಮಗೆ ಫೋನ್ ಕಲಿಸಿದ್ದಾಳೆ. ಒಂದು ದಿನ ನಾವು ಕೇಳಿದೆವು. "ಗೆಳತಿಯರ ಜೊತೆ ಹೊರಗೆ ಹೋದಾಗ ಹುಷಾರಾಗಿರಲು ನೀವು ಏನು ಮಾಡುತ್ತೀರಿ?"

ಆಕೆ ಬಹಳ ಹೇಳಿದಳು. ಕೊನೆಗೆ ಒಂದು ಮಾತು ಹೇಳಿದಳು.

"ಟೀಚರ್, ಎಲ್ಲಾದಕ್ಕಿಂತ ದೊಡ್ಡದು ಒಂದೈತಿ. ಏನಾರ ತೊಂದರಿ ಆದ್ರ ಅವ್ವಗ ಫೋನ್ ಮಾಡಾಕ ಅಂಜಿಕಿ ಇರಬಾರ್ದು. ಬೈತಾಳ, ಕಾಲೇಜ್ ಬಿಡಸ್ತಾಳ ಅಂತ ಅಂಜಿದ್ರ ನಾವು ಫೋನ್ ಮಾಡೂದಿಲ್ಲ. ಅಲ್ಲೇ ಕೆಡತೈತಿ."

ಅಕ್ಕಂದಿರೇ, ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಇವತ್ತಿನ ಎಲ್ಲ ಮಾತಿಗೂ ಇದೇ ಬೇರು. ಕತ್ತಲೆ ಅಪಾಯ. ನೀರು ಅಪಾಯ. ಕುಡಿದವರ ಬೈಕ್ ಅಪಾಯ. ಆದರೆ ಮುಚ್ಚಿಡುವುದು ಎಲ್ಲದಕ್ಕಿಂತ ದೊಡ್ಡ ಅಪಾಯ.

ಅದಕ್ಕೆ ಮಗಳಿಗೆ, ಮಗನಿಗೆ ಒಂದು ಮಾತು ಕೊಡೋಣ. "ಎಷ್ಟು ಹೊತ್ತಾದರೂ ಫೋನ್ ಮಾಡು. ಬಂದು ಕರೆದುಕೊಂಡು ಹೋಗುತ್ತೇವೆ. ಮೊದಲು ಮನೆಗೆ ಬಾ, ಮಾತು ನಾಳೆ." ಕೊಟ್ಟ ಮಾತನ್ನು ಉಳಿಸಿಕೊಳ್ಳೋಣ. ಆ ರಾತ್ರಿ ಬೈಗುಳ ಬೇಡ. ನೀರು ಕೊಡೋಣ, ಊಟ ಕೊಡೋಣ. ಕೇಳುವುದನ್ನು ಮುಂಜಾನೆ ಕೇಳೋಣ.

ಆವತ್ತು ಒಬ್ಬ ಅಜ್ಜಿ ಕೇಳಿದರು. "ಹಂಗ ಸಲಿಗಿ ಕೊಟ್ರ ಹುಡುಗ್ಯಾರು ತಲಿ ಮ್ಯಾಲೆ ಕೂಡ್ತಾರಲ್ಲವ್ವಾ?" ಅಜ್ಜಿಯ ಮಾತು ಸುಳ್ಳಲ್ಲ. ಮನೆಗೆ ಒಂದು ಕಟ್ಟು ಬೇಕು. ಆದರೆ ಇಲ್ಲಿ ಸಲಿಗೆಯ ಮಾತಿಲ್ಲ. ಕೇಳಬೇಡಿ ಎಂದೂ ನಾವು ಹೇಳುತ್ತಿಲ್ಲ. ನಾಳೆ ಕೇಳಿ ಎಂದು ಹೇಳುತ್ತಿದ್ದೇವೆ. ಬಾವಿಗೆ ಬಿದ್ದವರನ್ನು ಮೊದಲು ಮೇಲೆ ಎತ್ತುತ್ತೇವೆ. ಯಾಕೆ ಬಿದ್ದೆ ಎಂದು ಆಮೇಲೆ ಕೇಳುತ್ತೇವೆ.

ಹೋಗುವ ಮೊದಲು

ಹೊರಗೆ ಹೋಗುವಾಗ ಮೂರು ಪ್ರಶ್ನೆ ಕೇಳಬೇಕು. "ಎಲ್ಲಿಗೆ ಹೊಂಟಿ? ಯಾರ ಜೊತಿ? ತಿರುಗಿ ಹೆಂಗ ಬರ್ತಿ?"

ಮೂರನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಹೋಗಲು ಬಸ್ಸು ಇರುತ್ತದೆ. ಬರುವಾಗ ಕಡೆಯ ಬಸ್ಸು ಹೋಗಿರುತ್ತದೆ. ಆಗ ಯಾರ ಬೈಕ್ ಸಿಕ್ಕರೆ ಅದನ್ನು ಹತ್ತಬೇಕಾಗುತ್ತದೆ. 2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ ಶಕ್ತಿ ಯೋಜನೆ ಬಂತು. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣ ಇಲ್ಲ. ಆದರೆ ಬಸ್ಸು ಇರುವ ಹೊತ್ತು ಗೊತ್ತಿರಬೇಕು. ಕಡೆಯ ಬಸ್ಸಿನ ಹೊತ್ತನ್ನು ಬರೆದು ಗೋಡೆಗೆ ಅಂಟಿಸಿ. ಬರೆಯಲು ಈಗ ನಿಮಗೇ ಬರುತ್ತದೆ.

ಜೊತೆಯಲ್ಲಿ ಹೋದವರು ಜೊತೆಯಲ್ಲೇ ಬರಬೇಕು. ಒಬ್ಬಳನ್ನು ಬಿಟ್ಟು ಉಳಿದವರು ಬರಬಾರದು. ಮನೆ ಸೇರಿದ ಮೇಲೆ "ಮುಟ್ಟಿದೆ" ಎಂದು ಗೆಳತಿಗೆ ಫೋನ್ ಮಾಡಬೇಕು.

ವಾಟ್ಸಾಪಿನಲ್ಲಿ ನಾವು ಇರುವ ಜಾಗವನ್ನು ಮನೆಯವರಿಗೆ ತೋರಿಸಬಹುದು. ಅದನ್ನು ಲೈವ್ ಲೊಕೇಶನ್ ಎನ್ನುತ್ತಾರೆ. 15 ನಿಮಿಷ, 1 ಗಂಟೆ ಅಥವಾ 8 ಗಂಟೆ ಎಂದು ಆರಿಸಬಹುದು. ನಾವು ಸರಿದ ಹಾಗೆ ಅದೂ ಸರಿಯುತ್ತದೆ. ಮಗಳು ತಾನಾಗಿ ತೋರಿಸಿದರೆ ಅದು ಭದ್ರತೆ. ದಿನಾ ಕಾವಲು ಕಾಯಲು ಬಳಸಿದರೆ ಆಕೆ ಅದನ್ನು ಬಂದ್ ಮಾಡುತ್ತಾಳೆ. ಆಗ ಬೇಕಾದ ದಿನ ಅದು ಇರುವುದಿಲ್ಲ.

ಹುಡುಗಿ ಇನ್ನೊಂದು ಉಪಾಯ ಹೇಳಿದಳು. ಮನೆಯವರೆಲ್ಲ ಸೇರಿ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಬೇಕು. ಮಗಳು ಫೋನ್ ಮಾಡಿ "ಅಜ್ಜಿಗೆ ಮಂಡಿನೋವು ಕಡಿಮಿ ಆತೇನು?" ಎಂದರೆ ಅದರ ಅರ್ಥ "ಬಂದು ಕರ್ಕೊಂಡು ಹೋಗ್ರಿ" ಎಂದು. ಪಕ್ಕದಲ್ಲಿ ಇದ್ದವರಿಗೆ ತಿಳಿಯುವುದಿಲ್ಲ. ನಮಗೆ ತಿಳಿಯುತ್ತದೆ.

ನೀರಿನ ಹತ್ತಿರ

ನಮ್ಮ ಊರಿನ ಸುತ್ತ ನೀರು. ಆ ಕಡೆ ತುಂಗಭದ್ರೆ. ಈ ಕಡೆ ಎಡದಂಡೆ ಕಾಲುವೆ. ನಡುವೆ ಸಾಣಾಪುರ ಕೆರೆ. ಈ ನೀರಿನಿಂದಲೇ ನಮ್ಮ ಭತ್ತ. ಈ ನೀರು ನೋಡಲೆಂದೇ ದೂರದ ಮಂದಿ ಬರುತ್ತಾರೆ. ಆದರೆ ನೀರಿಗೆ ನೆಂಟಸ್ತನ ಇಲ್ಲ.

2025ರ ಫೆಬ್ರುವರಿಯಲ್ಲಿ ಹೈದರಾಬಾದಿನಿಂದ ಒಬ್ಬ ಯುವ ವೈದ್ಯೆ ಗೆಳೆಯರ ಜೊತೆ ಇಲ್ಲಿಗೆ ಬಂದಿದ್ದರು. ಬಂಡೆಯ ಮೇಲಿಂದ ನದಿಗೆ ಜಿಗಿದರು. ಸೆಳವು ಅವರನ್ನು ಎಳೆದುಕೊಂಡು ಹೋಯಿತು. ಗೆಳೆಯರು ನೋಡುತ್ತಿದ್ದಂತೆಯೇ ಜೀವ ಹೋಯಿತು.

ಮೇಲೆ ನೀರು ಸುಮ್ಮನೆ ಇದ್ದ ಹಾಗೆ ಕಾಣುತ್ತದೆ. ಕೆಳಗೆ ಬಂಡೆ ಇರುತ್ತದೆ, ಸೆಳವು ಇರುತ್ತದೆ. ಕಾಲುವೆಯ ಇಳಿಜಾರಿನಲ್ಲಿ ಪಾಚಿ ಕಟ್ಟುತ್ತದೆ. ಅಲ್ಲಿ ಬಿದ್ದವರಿಗೆ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಫೋಟೋ ತೆಗೆಸಿಕೊಳ್ಳಲು ಹಿಂದೆ ಹಿಂದೆ ಸರಿಯುವುದು ಬೇಡ. ಕುಡಿದವರು ನೀರಿಗೆ ಇಳಿಯಲೇ ಬಾರದು. ಹರಿಗೋಲು ಹತ್ತುವಾಗ ತೇಲುವ ಅಂಗಿಯನ್ನು ಕೇಳಿ ಹಾಕಿಕೊಳ್ಳಬೇಕು.

ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಜಿಗಿಯಬೇಡಿ. ಒಬ್ಬರ ಬದಲು ಇಬ್ಬರು ಹೋಗುತ್ತಾರೆ. ದಂಡೆಯ ಮೇಲೆ ಮಲಗಿ ಸೀರೆ ಎಸೆಯಿರಿ, ಹಗ್ಗ ಎಸೆಯಿರಿ. ಬಾಯಿ ಮುಚ್ಚಿದ ಖಾಲಿ ಪ್ಲಾಸ್ಟಿಕ್ ಕ್ಯಾನ್ ಎಸೆಯಿರಿ. ಅದು ತೇಲುತ್ತದೆ. ಕೂಗಿ ಮಂದಿ ಕರೆಯಿರಿ. 112ಕ್ಕೆ ಫೋನ್ ಮಾಡಿ.

ಕಾಲುವೆ ದಂಡೆಯ ರಾತ್ರಿ

2025ರ ಮಾರ್ಚ್ 6ರ ರಾತ್ರಿ ನಡೆದದ್ದು ನಿಮಗೆಲ್ಲ ಗೊತ್ತು. ನಮ್ಮ ಊರಿನ ಹೆಸರು ದೇಶದ ಆಚೆಗೂ ಹೋಯಿತು. ಐದು ಮಂದಿ ಕಾಲುವೆ ದಂಡೆಯಲ್ಲಿ ಕೂತು ಚುಕ್ಕಿ ನೋಡುತ್ತಿದ್ದರು. ಬೈಕಿನಲ್ಲಿ ಮೂವರು ಬಂದರು. ಜೊತೆಯಲ್ಲಿದ್ದ ಮೂವರು ಗಂಡಸರನ್ನು ಕಾಲುವೆಗೆ ತಳ್ಳಿದರು. ಒಡಿಶಾದ ಒಬ್ಬ ಯುವಕನ ಜೀವ ಹೋಯಿತು. ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯಿತು.

ಆಮೇಲೆ ಊರಿನಲ್ಲಿ ಒಂದು ಮಾತು ಕೇಳಿಬಂತು. "ರಾತ್ರಿ ಹೊತ್ತು ಹೆಣ್ಣುಮಕ್ಕಳು ಅಲ್ಲಿಗೆ ಯಾಕ ಹೋಗಬೇಕಿತ್ತು?"

ಅಕ್ಕಂದಿರೇ, ಇದನ್ನು ಸ್ವಲ್ಪ ನಿಂತು ಯೋಚಿಸೋಣ. ಚುಕ್ಕಿ ನೋಡುವುದು ತಪ್ಪಲ್ಲ. ಮನೆ ಕಳುವಾದರೆ ಮನೆ ಕಟ್ಟಿದ್ದು ತಪ್ಪು ಎನ್ನುತ್ತೇವೆಯೇ? ತಪ್ಪು ಕದ್ದವನದು. ಇಲ್ಲೂ ಹಾಗೆಯೇ. ತಪ್ಪು ಮಾಡಿದವರೇ ತಪ್ಪಿತಸ್ಥರು.

ಇನ್ನೊಂದು ಮಾತು. ಪೊಲೀಸರು ಬಂಧಿಸಿದ ಯುವಕರು ದೂರದ ದೇಶದವರಲ್ಲ. ನಮ್ಮ ಗಂಗಾವತಿ ಕಡೆಯವರೇ. ಹಾಗಾದರೆ ಆ ಮೂರು ಪ್ರಶ್ನೆಯನ್ನು ಮಗಳಿಗೆ ಮಾತ್ರ ಕೇಳಿದರೆ ಸಾಕೇ? ಮಗನನ್ನೂ ಕೇಳಬೇಕು. "ಎಲ್ಲಿಗೆ ಹೊಂಟಿ? ಯಾರ ಜೊತಿ? ಹೆಂಗ ಬರ್ತಿ?" ಹೆಣ್ಣುಮಕ್ಕಳನ್ನು ಕಂಡರೆ ಹೇಗೆ ನಡೆದುಕೊಳ್ಳಬೇಕು ಎಂದು ಮಗನಿಗೆ ಮನೆಯಲ್ಲೇ ಹೇಳಬೇಕು. ಹೆದರಿ ಮಗಳ ಕಾಲೇಜು ಬಿಡಿಸಿದರೆ ಮಗಳಿಗೆ ಶಿಕ್ಷೆ ಆಗುತ್ತದೆ. ರಸ್ತೆ ಮಾತ್ರ ಹಾಗೆಯೇ ಉಳಿಯುತ್ತದೆ. ಕತ್ತಲಿರುವ ಕಡೆ ದೀಪ ಹಾಕಿಸಿ ಎಂದು ಗ್ರಾಮಸಭೆಯಲ್ಲಿ ಕೇಳೋಣ. ಅರ್ಜಿ ಬರೆದು ನಾವೇ ಸಹಿ ಹಾಕೋಣ. ಹೆಬ್ಬೆಟ್ಟು ಬೇಡ.

ಪಾರ್ಟಿಯಲ್ಲಿ

ಈಗ ಸಣ್ಣ ಸಣ್ಣ ಮಾತು ಹೇಳುತ್ತೇವೆ.

ಹುಟ್ಟುಹಬ್ಬಕ್ಕೆ ನೊರೆ ಚಿಮ್ಮುವ ಡಬ್ಬಿ ತರುತ್ತಾರೆ. ಸ್ನೋ ಸ್ಪ್ರೇ ಎನ್ನುತ್ತಾರೆ. ಅದರೊಳಗೆ ಉರಿಯುವ ಗ್ಯಾಸ್ ಇರುತ್ತದೆ. ಕೇಕಿನ ಮೇಲೆ ಮೇಣದಬತ್ತಿ ಉರಿಯುವಾಗ ಅದನ್ನು ಚಿಮ್ಮಿಸಿದರೆ ಭಗ್ ಎಂದು ಬೆಂಕಿ ಹತ್ತುತ್ತದೆ. ಮಗುವಿನ ಮುಖ, ಕೂದಲು ಸುಡುತ್ತದೆ. ಈ ಡಬ್ಬಿ ಬೇಡವೇ ಬೇಡ.

ನಮ್ಮ ಲೋಟ ನಮ್ಮ ಕೈಯಲ್ಲಿ ಇರಬೇಕು. ಇಟ್ಟು ಹೋಗಿ ಬಂದ ಲೋಟದಿಂದ ಕುಡಿಯಬಾರದು. ಗುರುತಿಲ್ಲದವರು ಕೊಟ್ಟ ತೆರೆದ ಬಾಟಲಿಯೂ ಬೇಡ. "ಒಂದು ಗುಟುಕು ಕುಡಿದ್ರ ಏನಾಗ್ತೈತಿ?" ಎಂದು ಒತ್ತಾಯ ಮಾಡುವವರು ಇರುತ್ತಾರೆ. "ಬ್ಯಾಡ" ಎಂದರೆ ಬೇಡ. ಕಾರಣ ಕೊಡಬೇಕಾಗಿಲ್ಲ.

ಕುಡಿದವನ ಗಾಡಿ ಹತ್ತಬಾರದು. ಅಣ್ಣನಾದರೂ ಸರಿ, ಗಂಡನಾದರೂ ಸರಿ. ಕೀಲಿ ಕಿತ್ತುಕೊಳ್ಳಿ. ಕುಡಿದು ಗಾಡಿ ಓಡಿಸಿ ಮೊದಲ ಸಲ ಸಿಕ್ಕರೆ 10,000 ರೂಪಾಯಿವರೆಗೆ ದಂಡ ಇದೆ, ಆರು ತಿಂಗಳವರೆಗೆ ಜೈಲೂ ಇದೆ. ಮಗನಿಗೆ 18 ವರ್ಷ ತುಂಬಿಲ್ಲವೇ? ಅವನಿಗೆ ಬೈಕ್ ಕೊಟ್ಟರೆ ತಂದೆಗೆ ಅಥವಾ ಗಾಡಿಯ ಮಾಲೀಕನಿಗೆ 25,000 ರೂಪಾಯಿ ದಂಡ. ಮೂರು ವರ್ಷದವರೆಗೆ ಜೈಲೂ ಆಗಬಹುದು. ಇದು 2019ರಲ್ಲಿ ತಿದ್ದಿದ ಕಾನೂನು.

ರಾತ್ರಿ 10 ಗಂಟೆಯಿಂದ ಮುಂಜಾನೆ 6 ಗಂಟೆಯವರೆಗೆ ಮೈಕ್, ಡಿಜೆ ಹಚ್ಚಬಾರದು ಎಂಬ ನಿಯಮ 2000ರಿಂದಲೂ ಇದೆ. ಪಕ್ಕದ ಮನೆಯಲ್ಲಿ ಬಾಣಂತಿ ಇರುತ್ತಾಳೆ, ಪರೀಕ್ಷೆಗೆ ಓದುವ ಮಗು ಇರುತ್ತದೆ.

ಹೋಂಸ್ಟೇ, ರೆಸಾರ್ಟಿನಲ್ಲಿ ದುಡಿಯುವ ಅಕ್ಕಂದಿರಿಗೆ ಒಂದು ಮಾತು. ರಾತ್ರಿ ಪಾರ್ಟಿ ಇದ್ದ ದಿನ ಮನೆ ಮುಟ್ಟಿಸುವ ಗಾಡಿಯ ಮಾತನ್ನು ಮೊದಲೇ ಆಡಿಕೊಳ್ಳಿ. ಅತಿಥಿಯ ಕೋಣೆಗೆ ಒಬ್ಬರೇ ಹೋಗಬೇಡಿ, ಇಬ್ಬರು ಹೋಗಿ. ಕೆಲಸದ ಜಾಗದಲ್ಲಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ 2013ರ ಕಾನೂನು ನಿಮ್ಮ ಜೊತೆ ಇದೆ. ಹತ್ತಕ್ಕಿಂತ ಕಡಿಮೆ ಮಂದಿ ದುಡಿಯುವ ಜಾಗವಾದರೂ ಚಿಂತೆ ಇಲ್ಲ. ಅಂಥವರ ದೂರು ಕೇಳಲೆಂದೇ ಜಿಲ್ಲೆಗೆ ಒಂದು ಸಮಿತಿ ಇರಬೇಕು ಎಂದು ಆ ಕಾನೂನು ಹೇಳುತ್ತದೆ.

ಕೈಯಲ್ಲಿರುವ ಫೋನು

ಈಗ ಫೋನಿನ ಮಾತು. ಹೊಸ ಫೋನು ಬಂತು ಎಂದು ಅಂಜಬೇಡಿ. ಹೊಲಿಗೆ ಮಿಷನ್ ಕಲಿತ ಕೈಗೆ ಇದು ದೊಡ್ಡದಲ್ಲ. ಆದರೆ ಸೂಜಿ ಎಲ್ಲಿ ಚುಚ್ಚುತ್ತದೆ ಎಂದು ತಿಳಿದಿರಬೇಕು.

ಓಟಿಪಿ ಎಂದರೆ ಒಂದೇ ಸಲ ಬಳಸುವ ಗುಟ್ಟಿನ ಅಂಕಿ. ಅದು ಮನೆಯ ಕೀಲಿ ಇದ್ದ ಹಾಗೆ. "ಬ್ಯಾಂಕಿನಿಂದ ಮಾತಾಡ್ತೀವಿ, ಗೃಹಲಕ್ಷ್ಮಿ ರೊಕ್ಕ ಹಾಕ್ತೀವಿ, ಅಂಕಿ ಹೇಳ್ರಿ" ಎಂದು ಫೋನ್ ಬಂದರೆ ಹೇಳಬೇಡಿ. ಬ್ಯಾಂಕಿನವರು ಫೋನಿನಲ್ಲಿ ಓಟಿಪಿ ಕೇಳುವುದಿಲ್ಲ.

ರೊಕ್ಕ ಕಳಿಸಲು ಪಿನ್ ಬೇಕು. ರೊಕ್ಕ ಬರಲು ಪಿನ್ ಬೇಡ. "ನಿಮಗೆ ರೊಕ್ಕ ಬರ್ತೈತಿ, ಪಿನ್ ಒತ್ರಿ" ಎಂದರೆ ಅದು ಮೋಸ.

ಮದುವೆಗೆ ಕರೆಯೋಲೆ ಈಗ ವಾಟ್ಸಾಪಿನಲ್ಲೂ ಬರುತ್ತದೆ. ಅದರಲ್ಲೂ ಮೋಸ ಬಂತು. ಕರೆಯೋಲೆ ಎಂಬ ಹೆಸರಿನಲ್ಲಿ ಒಂದು ಫೈಲ್ ಬರುತ್ತದೆ. ಅದರ ಹೆಸರಿನ ಕೊನೆಯಲ್ಲಿ ಎಪಿಕೆ ಎಂಬ ಮೂರು ಇಂಗ್ಲಿಷ್ ಅಕ್ಷರ ಇರುತ್ತವೆ. ಅದನ್ನು ಒತ್ತಿ ಒಳಗೆ ಬಿಟ್ಟುಕೊಂಡರೆ ಕಳ್ಳ ನಮ್ಮ ಫೋನಿನೊಳಗೆ ಕೂತ ಹಾಗೆ. 2024ರಲ್ಲಿ ಹಿಮಾಚಲ ಪ್ರದೇಶದ ಪೊಲೀಸರು ಈ ಬಗ್ಗೆ ಜನರಿಗೆ ಎಚ್ಚರಿಕೆ ಕೊಟ್ಟರು. ಕರೆದವರು ಯಾರು ಎಂದು ಮೊದಲು ನೋಡಿ. ಅನುಮಾನ ಬಂದರೆ ಅವರಿಗೇ ಫೋನ್ ಮಾಡಿ ಕೇಳಿ.

ಇನ್ನೊಂದು ಮೋಸದ ಹೆಸರು ಡಿಜಿಟಲ್ ಅರೆಸ್ಟ್. ವಿಡಿಯೋ ಕರೆಯಲ್ಲಿ ಪೊಲೀಸ್ ಡ್ರೆಸ್ಸಿನವನು ಬರುತ್ತಾನೆ. "ನಿನ್ನ ಮ್ಯಾಲೆ ಕೇಸ್ ಐತಿ, ಯಾರಿಗೂ ಹೇಳಬ್ಯಾಡ, ರೊಕ್ಕ ಹಾಕು" ಎನ್ನುತ್ತಾನೆ. ನಮ್ಮ ಕಾನೂನಿನಲ್ಲಿ ಇಂಥ ಅರೆಸ್ಟ್ ಇಲ್ಲವೇ ಇಲ್ಲ. ಇದನ್ನು ಪ್ರಧಾನಮಂತ್ರಿಗಳೇ 2024ರ ಅಕ್ಟೋಬರ್ ತಿಂಗಳಲ್ಲಿ ರೇಡಿಯೋದಲ್ಲಿ ಹೇಳಿದರು. ಅವನ ಮಾತಿನಲ್ಲಿ ಒಂದನ್ನು ಗಮನಿಸಿ. "ಯಾರಿಗೂ ಹೇಳಬ್ಯಾಡ." ಯಾರು ಹಾಗೆ ಹೇಳುತ್ತಾರೋ ಅವರ ಮೇಲೆ ಮೊದಲು ಅನುಮಾನ ಪಡಬೇಕು. ಕಳ್ಳನಿಗೆ ಬೇಕಾದದ್ದು ನಮ್ಮ ಮೌನ.

ಈಗ ಕಂಪ್ಯೂಟರು ಮನುಷ್ಯರ ದನಿಯನ್ನೂ ಹುಟ್ಟಿಸುತ್ತದೆ. ಮಗನ ದನಿಯಲ್ಲೇ "ಅವ್ವಾ, ಆಕ್ಸಿಡೆಂಟ್ ಆಗೈತಿ, ರೊಕ್ಕ ಹಾಕು" ಎಂದು ಫೋನ್ ಬರಬಹುದು. ಆಗ ಮನೆಯ ಗುಟ್ಟಿನ ಮಾತು ಕೇಳಿ. ಇಲ್ಲವೇ ಇಟ್ಟುಬಿಟ್ಟು ಮಗನ ನಂಬರಿಗೆ ನೀವೇ ಮಾಡಿ.

ಚಾರ್ಜಿನ ಮಾತೂ ಇದೆ. ಫೋನನ್ನು ದಿಂಬಿನ ಕೆಳಗೆ ಇಟ್ಟು ಚಾರ್ಜ್ ಮಾಡಬೇಡಿ. ಬ್ಯಾಟರಿ ಉಬ್ಬಿದರೆ ಆ ಫೋನು ಬಳಸಬೇಡಿ, ಚುಚ್ಚಲೂ ಬೇಡಿ. ಗದ್ದೆಯಿಂದ ಬಂದ ಹಸಿ ಕೈಯಲ್ಲಿ ಪ್ಲಗ್ ಮುಟ್ಟಬೇಡಿ.

ಮೋಸ ಹೋದರೆ

ರೊಕ್ಕ ಹೋಯಿತು ಎನ್ನಿ. ನಾಚಿಕೆಯಿಂದ ಸುಮ್ಮನೆ ಕೂರಬೇಡಿ. ಗಂಡ ಬೈಯುತ್ತಾನೆ ಎಂದು ಮುಚ್ಚಿಡಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದರೆ ಆ ಹಣವನ್ನು ದಾರಿಯಲ್ಲೇ ತಡೆದು ಹಿಡಿಯಲು ಆಗುತ್ತದೆ. ತಡ ಮಾಡಿದಷ್ಟೂ ಅದು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತದೆ. ಮೋಸ ಹೋದವರು ದಡ್ಡರಲ್ಲ. ಓದಿದ ದೊಡ್ಡ ಅಧಿಕಾರಿಗಳೂ ಮೋಸ ಹೋಗಿದ್ದಾರೆ.

ಹುಡುಗಿಯರಿಗೆ ಇನ್ನೊಂದು ಕಷ್ಟ ಬರುತ್ತದೆ. ಪಾರ್ಟಿಯಲ್ಲಿ ತೆಗೆದ ಫೋಟೋವನ್ನು ಯಾರೋ ತಿದ್ದಿ ಕೆಟ್ಟದಾಗಿ ಮಾಡುತ್ತಾರೆ. "ರೊಕ್ಕ ಕೊಡು, ಇಲ್ಲಾಂದ್ರ ಎಲ್ಲರಿಗೂ ಕಳಿಸ್ತೀನಿ" ಎಂದು ಹೆದರಿಸುತ್ತಾರೆ. ಈ ಹೆದರಿಕೆಯಲ್ಲಿ ಮಕ್ಕಳು ಜೀವ ಕಳೆದುಕೊಳ್ಳುವುದೂ ಇದೆ. ಒಬ್ಬಳೇ ಅಳುತ್ತಾ ಕೂತರೆ ಹೀಗೆ ಆಗುತ್ತದೆ.

ಮಗಳು ಇಂಥ ಮಾತು ತಂದರೆ ಮೊದಲು ಆಕೆಯ ಕೈ ಹಿಡಿಯಿರಿ. "ನಿನ್ನ ತಪ್ಪಿಲ್ಲ, ನಾನಿದ್ದೀನಿ" ಎನ್ನಿ. ರೊಕ್ಕ ಕೊಡಬೇಡಿ. ಕೊಟ್ಟರೆ ಮತ್ತೆ ಕೇಳುತ್ತಾರೆ. ಬಂದ ಸಂದೇಶ ಅಳಿಸಬೇಡಿ, ಅದೇ ಸಾಕ್ಷಿ. ಪೊಲೀಸರಿಗೆ ಹೇಳಿ, 1930ಕ್ಕೆ ಹೇಳಿ. ಫೋನು ಕಿತ್ತುಕೊಂಡು ಕಾಲೇಜು ಬಿಡಿಸಬೇಡಿ. ಹಾಗೆ ಮಾಡಿದರೆ ಓಣಿಯ ಉಳಿದ ಹುಡುಗಿಯರೂ ಬಾಯಿ ಮುಚ್ಚಿಕೊಳ್ಳುತ್ತಾರೆ.

ಬರೆದುಕೊಳ್ಳೋಣ

ಈಗ ಎಲ್ಲರೂ ಪೆನ್ನು ತೆಗೆಯಿರಿ. ಫೋನಿನ ಬ್ಯಾಟರಿ ಮುಗಿಯುತ್ತದೆ. ಫೋನು ನೀರಿಗೆ ಬೀಳುತ್ತದೆ, ಕಳುವಾಗುತ್ತದೆ. ಕಾಗದದ ಮೇಲಿನ ಅಕ್ಷರ ಉಳಿಯುತ್ತದೆ. ಒಂದು ಚೀಟಿಯಲ್ಲಿ ಬರೆಯಿರಿ.

112. ಯಾವ ಆಪತ್ತಿಗೂ ಇದು. ಪೊಲೀಸ್, ಬೆಂಕಿ, ಆಂಬ್ಯುಲೆನ್ಸ್.
108. ಆಂಬ್ಯುಲೆನ್ಸ್.
181. ಹೆಣ್ಣುಮಕ್ಕಳ ಸಹಾಯವಾಣಿ.
1098. ಮಕ್ಕಳ ಸಹಾಯವಾಣಿ.
1930. ಫೋನಿನ ಮೋಸಕ್ಕೆ.

ಕೆಳಗೆ ಮನೆಯವರ ಒಂದು ನಂಬರು, ನಂಬುವ ಗೆಳತಿಯ ಒಂದು ನಂಬರು ಬರೆಯಿರಿ.

ಇನ್ನು ಫೋನಿನಲ್ಲಿ *#06# ಎಂದು ಒತ್ತಿ ನೋಡಿ. 15 ಅಂಕಿಯ ಒಂದು ಸಂಖ್ಯೆ ಬರುತ್ತದೆ. ಅದು ನಿಮ್ಮ ಫೋನಿನ ಗುರುತು. ಫೋನು ಕಳೆದರೆ ದೂರು ಕೊಡಲು ಬೇಕಾಗುತ್ತದೆ. ಅದನ್ನು ಇನ್ನೊಂದು ಚೀಟಿಯಲ್ಲಿ ಬರೆದು ಮನೆಯಲ್ಲಿ ಇಡಿ. ಆಪತ್ತಿನಲ್ಲಿ ಪವರ್ ಬಟನ್ನನ್ನು ಬೇಗ ಬೇಗ ಕೆಲವು ಸಲ ಒತ್ತಿದರೆ ಸಹಾಯಕ್ಕೆ ಕರೆ ಹೋಗುವ ಏರ್ಪಾಡು ಫೋನುಗಳಲ್ಲಿ ಇದೆ. ನಿಮ್ಮ ಫೋನಿನಲ್ಲಿ ಎಷ್ಟು ಸಲ ಒತ್ತಬೇಕು ಎಂದು ಮಗಳನ್ನು ಕೇಳಿ ತಿಳಿದುಕೊಳ್ಳಿ.

ಹೌದು, ಮಗಳನ್ನೇ ಕೇಳಿ. ಆಕೆಗೆ ಫೋನು ಗೊತ್ತು. ನಿಮಗೆ ಮನುಷ್ಯರು ಗೊತ್ತು. ಆಕೆ ಬಟನ್ ತೋರಿಸಲಿ. ಯಾರ ಮಾತು ಸಿಹಿ, ಯಾರ ಮಾತು ವಿಷ ಎಂದು ನೀವು ತೋರಿಸಿ. ಹೀಗೆ ದಿನಾ ಹತ್ತು ನಿಮಿಷ ಇಬ್ಬರೂ ಕೂತು ಮಾತಾಡಿದರೆ ಆಕೆಗೆ ನಿಮ್ಮ ಅಂಜಿಕೆ ಇರುವುದಿಲ್ಲ. ಕಷ್ಟ ಬಂದ ದಿನ ಮೊದಲ ಫೋನು ನಿಮಗೇ ಬರುತ್ತದೆ.

ಚೀಟಿಯ ಕೊನೆಯ ಸಾಲಿನಲ್ಲಿ ಒಂದು ವಾಕ್ಯ ಬರೆದು ಇವತ್ತೇ ಮಕ್ಕಳ ಕೈಗೆ ಕೊಡಿ. ನಿಮ್ಮ ಅಕ್ಷರದಲ್ಲಿ ನೀವೇ ಬರೆಯಿರಿ. ಕಾಗುಣಿತ ತಪ್ಪಿದರೂ ಚಿಂತೆ ಇಲ್ಲ.

"ಮೊದಲು ಮನೆಗೆ ಬಾ, ಮಾತು ನಾಳೆ. ನಿನ್ನ ಅವ್ವ."